ಮೊಯಿದಿನಬ್ಬ ಒಡೆದ ತಟ್ಟೆಗಳು

ರಿಯಾದಿನ ಮಲಾಜ್‌ನಲ್ಲಿ ನಾವು ಮೂವರು ಇದ್ದ ಕೋಣೆಗೆ ಯಾರೇ ಹೊಸಬರು ಬರಲಿ, ಚಹಾ ಕೈಗೆ ಬರುವ ಮೊದಲೇ ಗೋಡೆ ನೋಡಿ ಒಂದು ಪ್ರಶ್ನೆ ಕೇಳುತ್ತಿದ್ದರು: ಇಷ್ಟೊಂದು ಒಡಕು ತಟ್ಟೆಗಳನ್ನು ಯಾಕೆ ತೂಗುಹಾಕಿದ್ದೀರಿ? ಬೇರೆ ಕೋಣೆಗಳ ಗೋಡೆಯಲ್ಲಿ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರ್ ಇರುತ್ತಿತ್ತು, ಮೊಳೆಗೆ ಸಿಕ್ಕಿಸಿದ ಅಂಗಿ ಇರುತ್ತಿತ್ತು. ನಮ್ಮ ಗೋಡೆಯಲ್ಲಿ ಹತ್ತೊಂಬತ್ತು ತಟ್ಟೆಗಳು. ಒಂದೊಂದರಲ್ಲೂ ನೀಲಿ ಎಲೆ, ಹಳದಿ ಲಿಂಬೆ, ಅವುಗಳ ನಡುವೆ ಅಡ್ಡಾದಿಡ್ಡಿ ಓಡಿದ ಅಂಟಿನ ಗೆರೆ. ತಟ್ಟೆಗಳ ಯಜಮಾನ ಮೊಯಿದಿನಬ್ಬ ನಕ್ಕು ಸುಮ್ಮನಾಗುತ್ತಿದ್ದರು. ಉತ್ತರ ಹೇಳುವ ಬಾಯಿ ನನ್ನದು. "ಇವರೇ ಒಡೆದದ್ದು, ಇವರೇ ಅಂಟಿಸಿದ್ದು, ಇವರಿಗೇ ಮರ್ಲು," ಎನ್ನುತ್ತಿದ್ದೆ. ಆ ಮಾತಿನಲ್ಲಿ ಎಷ್ಟು ನಿಜ ಎಂದು ನನಗೆ ತಿಳಿಯಲು ಐದು ವರ್ಷ ಬೇಕಾಯಿತು.

ಮೊಯಿದಿನಬ್ಬ ಪಾಣೆಮಂಗಳೂರಿನವರು. ನೇತ್ರಾವತಿ ದಡದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಹದಿಮೂರು ವರ್ಷ ದುಡಿದವರು. ಅಲ್ಲಿ ಅವರ ಕೆಲಸ ಹೆಂಚು ಮಾಡುವುದೂ ಅಲ್ಲ, ಸುಡುವುದೂ ಅಲ್ಲ, ಕೇಳುವುದು. ಭಟ್ಟಿಯಿಂದ ಬಂದ ಹೆಂಚನ್ನು ಎಡಗೈಯಲ್ಲಿ ಎತ್ತಿ ಬಲಗೈಯ ನಡುಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಬೇಕು. 'ಟಿಣ್' ಎಂದರೆ ಒಂದನೇ ನಂಬರು, 'ಟಕ್' ಎಂದರೆ ಎರಡನೇದು, 'ದಬ್' ಎಂದರೆ ಒಡಕಿನ ರಾಶಿಗೆ. ದಿನಕ್ಕೆ ಸಾವಿರಗಟ್ಟಲೆ ತಟ್ಟಿ ತಟ್ಟಿ ಆ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ಗಂಟು ಕಟ್ಟಿತ್ತು. ಕಣ್ಣಿಗೆ ಕಾಣದ ಬಿರುಕು ಅವರ ಕಿವಿಗೆ ಕೇಳುತ್ತಿತ್ತು. ಹೆಂಚಿಗೆ ಗಿರಾಕಿ ಕಡಿಮೆಯಾಗಿ ಕಾರ್ಖಾನೆ ವಾರಕ್ಕೆ ಮೂರು ದಿನ ನಡೆಯತೊಡಗಿದಾಗ, ೧೯೭೯ರಲ್ಲಿ, ಹೆಂಡತಿ ಝೊಹರಾ ಮತ್ತು ಎರಡು ಮಕ್ಕಳನ್ನು ಬಿಟ್ಟು ರಿಯಾದಿಗೆ ಬಂದರು.

ಅಲ್ಲಿ ಸಿಕ್ಕಿದ ಕೆಲಸವೂ ಅದೇ ಜಾತಿಯದ್ದು. ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಅಬೂ ನಾಸಿರ್‌ಗೆ ಮಲಾಜ್‌ನಲ್ಲಿ ಪಾತ್ರೆಪಡಗದ ದೊಡ್ಡ ಅಂಗಡಿ. ಎಣ್ಣೆಯ ಹಣ ಊರೆಲ್ಲ ಹರಿಯುತ್ತಿದ್ದ ಕಾಲವದು. ಹೊಸ ಮನೆ ಕಟ್ಟಿದವರು ಜಪಾನಿನ ಪಿಂಗಾಣಿ ಸೆಟ್ಟುಗಳನ್ನು ಪೆಟ್ಟಿಗೆಗಟ್ಟಲೆ ಒಯ್ಯುತ್ತಿದ್ದರು. ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚಿ ಒಂದೊಂದೇ ತಟ್ಟೆ ತಟ್ಟಿ ನೋಡಿ ಒಳ್ಳೆಯದನ್ನು ಅಂಗಡಿಗೆ ಕಳಿಸುವವರು ಮೊಯಿದಿನಬ್ಬ. ಮುಂದಿನ ಕೋಣೆಯಲ್ಲಿ ಕುಳಿತು ಇಂಗ್ಲಿಷ್ ಪತ್ರ ಟೈಪ್ ಮಾಡುವವನು ನಾನು, ಹಸನ್ ಕುಂಞಿ, ಉಳ್ಳಾಲದ ಬಿ.ಕಾಂ. ಆ ಮೂರು ಅಕ್ಷರವನ್ನು ನಾನು ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದೆ. ನನಗಿಂತ ಹನ್ನೆರಡು ವರ್ಷ ದೊಡ್ಡವರಾದ ಅವರನ್ನು ಮೊಯಿದಿನಾಕ ಎಂದು ಕರೆಯುತ್ತಿದ್ದೆ, ಆದರೆ ಮನಸ್ಸಿನೊಳಗೆ ಅವರೊಬ್ಬ ಹೆಂಚು ತಟ್ಟುವವರು, ಅಷ್ಟೆ.

೧೯೮೧ರ ಚಳಿಗಾಲದಲ್ಲಿ ಅಬೂ ನಾಸಿರ್ ಮೊದಲ ಸಲ ಇಟಲಿಯಿಂದ ಮಾಲು ತರಿಸಿದರು. ದೆರೂತಾ ಎಂಬ ಬೆಟ್ಟದ ಊರಿನ ಒಂದು ಕಾರ್ಖಾನೆಯಿಂದ ನಲವತ್ತೆಂಟು ದೊಡ್ಡ ತಟ್ಟೆ, ಎಲ್ಲ ಕೈಯಿಂದ ಚಿತ್ರ ಬರೆದದ್ದು. ಪ್ರಾಣಿ, ಮನುಷ್ಯ ಬೇಡವೆಂದು ಮೊದಲೇ ತಿಳಿಸಿದ್ದರಿಂದ ಬರೀ ಎಲೆ ಮತ್ತು ಲಿಂಬೆ. ಹುಲ್ಲಿನ ಪೆಟ್ಟಿಗೆಯಿಂದ ಮೊದಲನೆಯದನ್ನು ತೆಗೆದು ಮೊಯಿದಿನಬ್ಬ ತಟ್ಟಿದರು. 'ದಬ್' ಎಂದಿತು. ಎರಡನೆಯದೂ 'ದಬ್'. ಸಂಜೆಯ ಹೊತ್ತಿಗೆ ನಲವತ್ತೆಂಟನ್ನೂ ತಟ್ಟಿ ಮುಗಿಸಿ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಕುಂಞಿ, ಒಂದೂ ಸರಿ ಇಲ್ಲ ಮಾರಾಯ. ಎಲ್ಲ ಅರೆಬೆಂದದ್ದು. ಸದ್ದೇ ಬರುದಿಲ್ಲ," ಎಂದರು.

ಅಬೂ ನಾಸಿರ್‌ಗೆ ಅವರ ಕಿವಿಯ ಮೇಲೆ ಎಷ್ಟು ನಂಬಿಕೆಯೆಂದರೆ ಎದ್ದು ಹೋಗಿ ನೋಡಲೂ ಇಲ್ಲ. "ಮುಹಿಯುದ್ದೀನ್ ಹೇಳಿದ ಮೇಲೆ ಖಲಾಸ್. ಪತ್ರ ಬರೆ," ಎಂದು ನನಗೆ ಹೇಳಿದರು. ಅವರ ಅರಬಿ ಬಾಯಲ್ಲಿ ಮೊಯಿದಿನಬ್ಬ ಮುಹಿಯುದ್ದೀನ್ ಆಗಿದ್ದರು. ನಾನು ಬರೆದೆ. ಚೆನ್ನಾಗಿಯೇ ಬರೆದೆ ಎಂದು ಆಗ ಹೆಮ್ಮೆಯೂ ಪಟ್ಟೆ. ಇಟಲಿಯವರು ವಾದ ಮಾಡಲಿಲ್ಲ. ಸೌದಿಯ ಗಿರಾಕಿ ಕೈತಪ್ಪಬಾರದೆಂಬ ಹೆದರಿಕೆ ಇದ್ದಿರಬೇಕು. ಬದಲಿ ಮಾಲು ಕಳಿಸುತ್ತೇವೆ, ಕೆಟ್ಟದ್ದನ್ನು ಯಾರಿಗೂ ಮಾರದೆ ಒಡೆದುಹಾಕಿ ಎಂದು ಟೆಲೆಕ್ಸ್ ಬಂತು.

ಒಡೆಯುವ ಕೆಲಸವೂ ಮೊಯಿದಿನಬ್ಬರಿಗೇ ಬಂತು. ಸುತ್ತಿಗೆ ಹಿಡಿದು ಗೋದಾಮಿನ ಮೂಲೆಯಲ್ಲಿ ಕುಳಿತರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಹಾಗೆ ಅರ್ಧ ಗಂಟೆಯಲ್ಲಿ ಮೂವತ್ತೊಂದು ತಟ್ಟೆ ಚೂರಾದವು. ಆಗ ಅಂಗಡಿಗೆ ಒಬ್ಬ ಇಟಲಿಯ ಎಂಜಿನಿಯರ್ ಬಂದಿದ್ದ. ಬೆನೆದೆತ್ತಿ ಎಂದು ಹೆಸರು, ಅರವತ್ತರ ಹತ್ತಿರದ ದಪ್ಪ ಮನುಷ್ಯ. ಚಹಾದ ಲೋಟ ಕೊಳ್ಳಲು ಬಂದವನು ಒಡೆಯುವ ಸದ್ದು ಕೇಳಿ ತೆರೆದ ಬಾಗಿಲಿನಿಂದ ಒಳಗೆ ಇಣುಕಿದ. ಮರುಕ್ಷಣ ಎರಡೂ ಕೈ ಎತ್ತಿ ಕೂಗುತ್ತ ಓಡಿದ. ಏನಾಯಿತೆಂದು ನಾನೂ ಹಿಂದೆ ಓಡಿದೆ.

ಅವನು ಬೈಯುತ್ತಾನೆಂದು ಎಣಿಸಿದ್ದೆ. ಬೈಯಲಿಲ್ಲ. ಮೊಯಿದಿನಬ್ಬರ ಕೈಯಿಂದ ಸುತ್ತಿಗೆ ತೆಗೆದು ಕೆಳಗಿಟ್ಟು ಅಲ್ಲಿಯೇ ಒಂದು ಪೆಟ್ಟಿಗೆಯ ಮೇಲೆ ಕುಳಿತ. ಉಳಿದ ಹದಿನೇಳರಲ್ಲಿ ಎರಡನ್ನು ಎತ್ತಿ ಅಕ್ಕಪಕ್ಕ ಹಿಡಿದ. ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ, ನಾನು ಮೊಯಿದಿನಬ್ಬರಿಗೆ ಹೇಳಿದೆ: ಇದು ಪಿಂಗಾಣಿಯಲ್ಲ, ಕೆಂಪು ಮಣ್ಣು. ಪಿಂಗಾಣಿಯಷ್ಟು ಉರಿಯಲ್ಲಿ ಸುಡುವುದಿಲ್ಲ, ಆದ್ದರಿಂದ ಗಂಟೆಯ ಹಾಗೆ ಮೊಳಗುವುದೂ ಇಲ್ಲ. ಮಣ್ಣಿನ ಮೇಲೆ ಬಿಳಿ ಮೆರುಗು ಬಳಿದು, ಅದು ಒಣಗಿದ ಮೇಲೆ, ಸುಡುವ ಮೊದಲೇ ಕುಂಚದಲ್ಲಿ ಬರೆಯುತ್ತಾರೆ. ಬಣ್ಣವನ್ನು ಅದು ಕೂಡಲೇ ಹೀರಿಕೊಳ್ಳುತ್ತದೆ, ಒಮ್ಮೆ ಇಟ್ಟ ಗೆರೆಯನ್ನು ಅಳಿಸಲಾಗುವುದಿಲ್ಲ. ಆಮೇಲೆ ಮತ್ತೆ ಸುಡುತ್ತಾರೆ. "ಇದನ್ನು ಕಿವಿಯಿಂದ ನೋಡಬಾರದು," ಎಂದ. "ಈ ಎರಡು ತಟ್ಟೆಯಲ್ಲಿ ಒಂದೇ ಥರದ ಎರಡು ಎಲೆ ಇದ್ದರೆ ತೋರಿಸು."

ಮೊಯಿದಿನಬ್ಬ ಬಹಳ ಹೊತ್ತು ನೋಡಿದರು. ಒಂದೂ ಸಿಗಲಿಲ್ಲ. ಬೆನೆದೆತ್ತಿ ತಟ್ಟೆ ಮಗುಚಿ ಬೆನ್ನು ತೋರಿಸಿದ. ಸುಡುವಾಗ ಆಸರೆಗಿಟ್ಟ ಮೂರು ಮುಳ್ಳಿನ ಕಲೆ, ಊರಿನ ಹೆಸರು, ಅದರ ಕೆಳಗೆ ನೀಲಿಯಲ್ಲಿ ಬಾಲ ಸುತ್ತಿದ ಒಂದು 'E'. ಬರೆದವಳ ಗುರುತು ಅದು. ನಲವತ್ತೆಂಟನ್ನೂ ಒಬ್ಬಳೇ ಬರೆದಿದ್ದಾಳೆ, ಎರಡು ತಿಂಗಳಾದರೂ ಹಿಡಿದಿರಬಹುದು ಎಂದ. ಇವೆಲ್ಲ ಒಳ್ಳೆಯ ತಟ್ಟೆಗಳೇ ಎಂದ. ಉಳಿದ ಹದಿನೇಳನ್ನೂ ಅಂದೇ ತಾನು ಕೊಂಡ. ಕಾರ್ಖಾನೆಗೆ ತಿರುಗಿ ಬರೆಯಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆ ದಿನ ಮೊಯಿದಿನಬ್ಬ ಊಟ ಮಾಡಲಿಲ್ಲ. ಹದಿಮೂರು ವರ್ಷ ತಪ್ಪದ ಕಿವಿ ತಪ್ಪಿದ್ದಕ್ಕೆ ಬೇಸರ ಇರಬಹುದು ಎಂದುಕೊಂಡೆ. ಅವರು ಚೂರುಗಳನ್ನೆಲ್ಲ ಗುಡಿಸಿ, ಎರಡು ರಟ್ಟಿನ ಪೆಟ್ಟಿಗೆಗೆ ತುಂಬಿ, ಅಬೂ ನಾಸಿರ್ ಹತ್ತಿರ ಕೇಳಿಕೊಂಡು ಕೋಣೆಗೆ ಹೊತ್ತು ತಂದರು. ಮಂಚದ ಕೆಳಗೆ ಆ ಪೆಟ್ಟಿಗೆ ನುಗ್ಗಿಸುವಾಗ ಕಮಾಲುದ್ದೀನ್ ಎದ್ದು ಕುಳಿತ. ಅವನು ನಮ್ಮ ಮೂರನೆಯ ಜೊತೆಗಾರ, ಭಟ್ಕಳದವನು, ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್.

"ಎಂತ ಮೊಯಿದಿನಾಕ, ಎಲ್ಲರೂ ಊರಿಗೆ ಟೂ-ಇನ್-ವನ್ ರೇಡಿಯೋ ತಗೊಂಡು ಹೋಗ್ತಾರೆ, ನೀವು ಚೂರು ತಗೊಂಡು ಹೋಗುದಾ?" ಎಂದು ನಕ್ಕ.

ಅಂದಿನಿಂದ ಅವರ ಶುಕ್ರವಾರಗಳು ಆ ಚೂರುಗಳಿಗೆ ಹೋದವು. ಜುಮಾ ಮುಗಿಸಿ ಊಟ ಮಾಡಿ ನಾವು ಮಲಗಿದರೆ ಅವರು ಕಿಟಕಿಯ ಬಳಿ ಚಾಪೆ ಹಾಸಿ ಕುಳಿತುಕೊಳ್ಳುತ್ತಿದ್ದರು. ಒಂದು ಬೋಗುಣಿಯ ತುಂಬ ಮರಳು. ರಿಯಾದಿನಲ್ಲಿ ಮರಳಿಗೆ ಬರವೇ? ಅಂಟು ಹಚ್ಚಿದ ಎರಡು ಚೂರನ್ನು ಜೋಡಿಸಿ, ಅಲುಗದಂತೆ ಮರಳಿನಲ್ಲಿ ನೆಟ್ಟು ಇಡುವುದು. ಮುಂದಿನ ಶುಕ್ರವಾರ ಇನ್ನೊಂದು ಚೂರು. ಯಾವ ಚೂರು ಯಾವ ತಟ್ಟೆಯದು ಎಂದು ತಿಳಿಯುವುದು ಹೇಗೆ, ಮೇಲ್ನೋಟಕ್ಕೆ ಎಲ್ಲದರಲ್ಲೂ ಅದೇ ಎಲೆ, ಅದೇ ಲಿಂಬೆ. ಹಾಗೆ ಹುಡುಕಿ ಹುಡುಕಿಯೇ ಅವರಿಗೆ ಆ ಕೈ ಪರಿಚಯವಾಯಿತು.

"ನೋಡು ಕುಂಞಿ," ಎಂದು ನನ್ನ ನಿದ್ದೆ ಕೆಡಿಸುತ್ತಿದ್ದರು, "ಇವಳು ಎಲೆಯನ್ನು ತೊಟ್ಟಿನಿಂದ ಶುರು ಮಾಡುದಿಲ್ಲ. ತುದಿಯಿಂದ ಶುರು ಮಾಡಿ ತೊಟ್ಟಿಗೆ ಬರ್ತಾಳೆ. ಇಲ್ಲಿ ನೋಡು, ಬಣ್ಣ ಮುಗಿಯುತ್ತಾ ಬಂದದ್ದು ತೊಟ್ಟಿನ ಹತ್ತಿರ. ಈ ತಟ್ಟೆಯಲ್ಲಿ ಬ್ರಶ್ ಹೊಸತು, ಗೆರೆ ಸಪೂರ ಉಂಟು. ಇದರಲ್ಲಿ ಕೂದಲು ಸವೆದಿದೆ."

"ಮಲಗ್ಲಿಕ್ಕೆ ಬಿಡಿ ಮೊಯಿದಿನಾಕ," ಎಂದು ಮಗ್ಗುಲು ಬದಲಾಯಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬರುತ್ತಿತ್ತು. ನಾಲ್ಕನೇ ಕ್ಲಾಸು ಕಲಿತ ಮನುಷ್ಯ ನನಗೆ ಕಾಣದ್ದನ್ನು ಕಾಣುತ್ತಿದ್ದಾರಲ್ಲ ಎಂಬ ಸಿಟ್ಟು.

ಚೂರುಗಳ ಹುಚ್ಚು ಮೆಲ್ಲಗೆ ಇಡೀ ತಟ್ಟೆಗಳ ಹುಚ್ಚಾಯಿತು. ಕೆಲಸ ಮುಗಿಸಿ ದೇಶಕ್ಕೆ ಮರಳುವ ವಿದೇಶಿಯರು ತಮ್ಮ ಮನೆ ಸಾಮಾನನ್ನು ಹಳೆ ಸಾಮಾನಿನ ಸಂತೆಗೆ ಹಾಕಿ ಹೋಗುತ್ತಿದ್ದರು. ಮೊಯಿದಿನಬ್ಬ ಅಲ್ಲಿಗೆ ಹೋಗಿ ಪ್ಲಾಸ್ಟಿಕ್ಕು, ಅಲ್ಯೂಮಿನಿಯಮ್ಮಿನ ರಾಶಿಯ ನಡುವಿನಿಂದ ಕೈಯಿಂದ ಚಿತ್ರ ಬರೆದದ್ದನ್ನೇ ಹೆಕ್ಕಿ ತರುತ್ತಿದ್ದರು. ಅಚ್ಚಿನದನ್ನು ಕೊಟ್ಟು ಅವರನ್ನು ಮೋಸಗೊಳಿಸಲು ಯಾರಿಗೂ ಆಗುತ್ತಿರಲಿಲ್ಲ. ಒಂದು ಎಣ್ಣೆಯ ಹೂಜಿ ಬಂತು, ಹಿಂದೆ ಔಷಧಿ ತುಂಬುತ್ತಿದ್ದ ನಡು ಸಣ್ಣಗಿನ ಜಾಡಿ ಬಂತು. ಹಸಿರು ಹುಂಜದ ಚಿತ್ರವಿದ್ದ ಒಂದು ಬೋಗುಣಿಯೂ ಬಂತು. ಚಿತ್ರವಿರುವ ಕಡೆ ನಮಾಜು ಹೇಗೆ ಎಂದು ಕಮಾಲುದ್ದೀನ್ ತಕರಾರು ತೆಗೆದ. ಮೊಯಿದಿನಬ್ಬ ಐದು ಹೊತ್ತೂ ಹುಂಜದ ಮೇಲೆ ಟವೆಲ್ ಹೊದೆಸಿ, ನಮಾಜು ಮುಗಿದ ಮೇಲೆ ತೆಗೆಯುತ್ತಿದ್ದರು. ಇಷ್ಟೆಲ್ಲ ಬಂದರೂ ಗೋಡೆಯ ಮೇಲಿನ ಜಾಗ ಮಾತ್ರ ಅಂಟಿಸಿದ ತಟ್ಟೆಗಳಿಗೇ. ಐದು ವರ್ಷದಲ್ಲಿ ಮೂವತ್ತೊಂದರಲ್ಲಿ ಹತ್ತೊಂಬತ್ತು ಎದ್ದು ನಿಂತವು. ಉಳಿದ ಹನ್ನೆರಡು ಪುಡಿಯಾಗಿದ್ದವು.

೧೯೮೬ರ ರಂಜಾನ್ ಮುಗಿದ ಮೇಲೆ ಅವರು ಆ ವರ್ಷ ಹಜ್‌ಗೆ ಹೋಗುವುದೆಂದು ಹೇಳಿದರು. ರಿಯಾದಿನಿಂದ ಬಸ್ಸು, ಅಬೂ ನಾಸಿರ್ ರಜೆಯನ್ನೂ ಕೊಟ್ಟಿದ್ದರು. ನಮ್ಮ ಕಡೆ ಹಜ್‌ಗೆ ಹೊರಟವನು ಮೊದಲು ಮಾಡುವ ಕೆಲಸ ಬಟ್ಟೆಬರೆ ಕಟ್ಟುವುದಲ್ಲ, ಮಾಫಿ ಕೇಳುವುದು. ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನೇ ಮನ್ನಿಸಬೇಕು. ಅದಾಗದೆ ದೇವರ ಮನೆಯ ಬಾಗಿಲಿಗೆ ಯಾವ ಮುಖ ಹೊತ್ತು ಹೋಗುವುದು? ಆದ್ದರಿಂದ ನೆಂಟರು, ನೆರೆಯವರು, ಜಗಳವಾಡಿದವರು ಎಲ್ಲರ ಹತ್ತಿರ ಹೋಗಿ ಕೈ ಹಿಡಿದು ಕೇಳುತ್ತಾರೆ. ಮೊಯಿದಿನಬ್ಬ ಊರಿಗೆ ಹನ್ನೊಂದು ಕಾಗದ ಬರೆದರು: ಝೊಹರಾಳಿಗೆ, ಅಣ್ಣನಿಗೆ, ಹೆಂಚಿನ ಕಾರ್ಖಾನೆಯ ಮೇಸ್ತ್ರಿಗೆ, ಹತ್ತು ವರ್ಷದಿಂದ ಮಾತು ಬಿಟ್ಟ ಪಕ್ಕದ ಮನೆಯವನಿಗೆ. ಆಮೇಲೆ ಒಂದು ಸಂಜೆ ನನ್ನ ಎದುರು ಕುಳಿತರು.

"ಇನ್ನೊಂದು ಕಾಗದ ಉಂಟು ಕುಂಞಿ. ಅದು ಇಂಗ್ಲಿಷಿನಲ್ಲಿ ಆಗಬೇಕು."

"ಯಾರಿಗೆ?"

ಗೋಡೆಯ ಕಡೆ ಗಲ್ಲ ಎತ್ತಿದರು. "ಅವಳಿಗೆ."

ಕಮಾಲುದ್ದೀನ್ ಗೊಳ್ಳೆಂದು ನಕ್ಕ. ನನಗೆ ನಗು ಬರಲಿಲ್ಲ, ರೇಗಿಹೋಯಿತು. "ನಿಮಗೆ ತಲೆ ಸರಿ ಉಂಟಾ? ತಟ್ಟೆ ಅಬೂ ನಾಸಿರ್‌ದು. ಒಡೀಲಿಕ್ಕೆ ಹೇಳಿದ್ದು ಇಟಲಿಯವರೇ. ಇದರಲ್ಲಿ ನಿಮ್ಮ ತಪ್ಪು ಎಂತದು?"

"ಮಾಲು ಅಬೂ ನಾಸಿರ್‌ದು, ಒಪ್ಪಿದೆ. ಕೈಕೆಲಸ ಅವಳದ್ದಲ್ವಾ? ಎರಡು ತಿಂಗಳು ಕೂತು ಬರೆದದ್ದು. ನಾನು ಸುಳ್ಳು ಹೇಳಿ ಒಡೆದೆ."

"ಸುಳ್ಳಲ್ಲ, ಗೊತ್ತಿರಲಿಲ್ಲ."

"ಗೊತ್ತಿಲ್ಲದೆ ಮೆಟ್ಟಿದರೂ ಕಾಲು ನೋಯುದು ಅವರಿಗೇ ಅಲ್ವಾ ಮಾರಾಯ? ಅವಳು ಮಾಫ್ ಮಾಡದೆ ನಾನು ಹಜ್‌ಗೆ ಇಹ್ರಾಮ್ ಕಟ್ಟುದಿಲ್ಲ."

ಹೀಗೆ ಹೇಳಿ ಎದ್ದರು. ಅವರ ಹಟ ನನಗೆ ಗೊತ್ತಿತ್ತು. ಬಸ್ಸಿಗೆ ಏಳು ವಾರ ಇತ್ತು, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಜೀವಮಾನದ ಆಸೆಯನ್ನೇ ಬಿಟ್ಟು ಕುಳಿತುಕೊಳ್ಳುವವರು. ಮರುದಿನ ಟೈಪ್‌ರೈಟರ್ ಮುಂದೆ ಕುಳಿತೆ. ನಾನು ನಾಲ್ಕು ಸಾಲು ಜೋಡಿಸುವಷ್ಟರಲ್ಲಿ ತಡೆದರು. "ನಿನ್ನ ಇಂಗ್ಲಿಷ್ ಬೇಡ. ನಾನು ಹೇಳಿದ್ದನ್ನು ಮಾತ್ರ ಹಾಕು." ಹಾಗೆಯೇ ಹಾಕಿದೆ: ನಾನು ನಿಮ್ಮ ಮೂವತ್ತೊಂದು ತಟ್ಟೆ ಒಡೆದವನು. ಸದ್ದು ಕೇಳಿ ಕೆಟ್ಟದ್ದು ಎಂದು ಹೇಳಿದೆ, ನೋಡಿದ್ದರೆ ಹೇಳುತ್ತಿರಲಿಲ್ಲ. ಹತ್ತೊಂಬತ್ತನ್ನು ಅಂಟಿಸಿದ್ದೇನೆ. ಮಕ್ಕಾಕ್ಕೆ ಹೋಗಲಿಕ್ಕಿದ್ದೇನೆ. ನನ್ನನ್ನು ಮಾಫ್ ಮಾಡಬೇಕು. ಕಮಾಲುದ್ದೀನ್ ತನ್ನ ಹೊಸ ಕ್ಯಾಮೆರಾದಲ್ಲಿ ಗೋಡೆಯ ಫೋಟೋ ತೆಗೆದುಕೊಟ್ಟ. ಕಾರ್ಖಾನೆಯ ವಿಳಾಸ ಫೈಲಿನಲ್ಲಿತ್ತು. ಮೇಲೆ 'E ಎಂದು ಗುರುತು ಹಾಕುವ ಹೆಂಗಸಿಗೆ' ಎಂದು ಬರೆದು ಕಳಿಸಿದೆವು.

ವಾರ ಕಳೆಯಿತು, ಎರಡು, ಮೂರು. ದಿನಾ ಸಂಜೆ ನನ್ನ ಮುಖ ನೋಡುತ್ತಿದ್ದರು, ನಾನು ತಲೆ ಅಲ್ಲಾಡಿಸುತ್ತಿದ್ದೆ. ಊರಿನಿಂದ ಹನ್ನೊಂದು ಕಾಗದಕ್ಕೂ ಉತ್ತರ ಬಂತು. ಮಾತು ಬಿಟ್ಟ ನೆರೆಮನೆಯವನೂ ಬರೆದಿದ್ದ. ಇಹ್ರಾಮಿನ ಬಿಳಿ ಬಟ್ಟೆ ಕೊಂಡು ತಂದವರು ಕಟ್ಟನ್ನೇ ಬಿಚ್ಚಲಿಲ್ಲ. ಬಸ್ಸಿನ ಸೀಟನ್ನು ಇನ್ನೊಬ್ಬರಿಗೆ ಕೊಡಲೇ ಎಂದು ಒಂದು ದಿನ ಕೇಳಿದರು. "ಇನ್ನೂ ದಿನ ಉಂಟಲ್ಲ," ಎಂದೆ.

ಬಸ್ಸಿಗೆ ಒಂಬತ್ತು ದಿನ ಇರುವಾಗ ಇಟಲಿಯ ಅಂಚೆಚೀಟಿಯ ಲಕೋಟೆ ಬಂತು. ಅಂಗಡಿಯ ಟಪಾಲು ಬಿಡಿಸುವವನು ನಾನೇ. ಆಸೆ ತಡೆಯದೆ ಅಲ್ಲಿಯೇ ಓದಿದೆ. ಒಂದೇ ಹಾಳೆ, ಎರಡೂ ಬದಿ ಬರಹ. ಎಲ್ವಿರಾ ಎಂಬವಳ ಪರವಾಗಿ ಅವಳ ಮಗಳು ಇಂಗ್ಲಿಷಿನಲ್ಲಿ ಬರೆದದ್ದು. ಮೊದಲ ಬದಿ ಓದುವಾಗ ನಾನು ನಗುತ್ತಿದ್ದೆ. ಎರಡನೆಯ ಬದಿ ಓದಿ ಮುಗಿಸಿದ ಮೇಲೆ ಮೇಜಿನ ಮುಂದೆ ಕುಳಿತೇ ಇದ್ದೆ. ಅಬೂ ನಾಸಿರ್ ಎರಡು ಸಲ ಕರೆದರಂತೆ, ನನಗೆ ಕೇಳಿಸಲಿಲ್ಲ.

ಸಂಜೆಯ ಅಸರ್ ನಮಾಜು ಮುಗಿಸಿ ಮೊಯಿದಿನಬ್ಬ ಕೋಣೆಯಲ್ಲಿ ಕಾಯುತ್ತಿದ್ದರು. ಕಾಗದ ಕಂಡದ್ದೇ ತಡ, ಮುಖ ತೊಳೆದು ಬಂದು ಚಾಪೆಯ ಮೇಲೆ ಕುಳಿತರು. ನಾನು ಮೊದಲ ಬದಿಯನ್ನು ಓದಿ ಹೇಳಿದೆ.

'ತಟ್ಟೆ ಒಡೆದವರ ಮೇಲೆ ಅಮ್ಮನಿಗೆ ಸಿಟ್ಟಿಲ್ಲ. ಎಂದೂ ಒಡೆಯದ ತಟ್ಟೆಯನ್ನು ಅವಳು ಇದುವರೆಗೆ ಬರೆದಿಲ್ಲವಂತೆ. ಫೋಟೋವನ್ನು ಭೂತಗನ್ನಡಿ ಇಟ್ಟು ನೋಡಿದಳು. ಎಡದಿಂದ ಮೂರನೆಯದರಲ್ಲಿ ಒಂದು ಚೂರು ಬೇರೆ ತಟ್ಟೆಯದು ಎಂದು ಹೇಳಲು ಹೇಳಿದ್ದಾಳೆ. ಮಾಫಿ ಕೇಳಿದ್ದೀರಿ, ಕೊಟ್ಟಿದ್ದಾಳೆ. ನೆಮ್ಮದಿಯಿಂದ ಹೋಗಿ ಬನ್ನಿ.'

ಮೊಯಿದಿನಬ್ಬ ನಕ್ಕರು, ನಗುತ್ತಲೇ ಅತ್ತರು. "ಸರಿ ಹೇಳಿದ್ದಾಳೆ. ಆ ಚೂರು ಸಿಗಲೇ ಇಲ್ಲ, ಇನ್ನೊಂದರದ್ದು ಹಾಕಿದೆ. ನೋಡಿದೆಯಾ ಅವಳ ಕಣ್ಣು!" ಎಂದು ಕೆನ್ನೆ ಒರೆಸಿಕೊಂಡರು. ನಾನು ಹಾಳೆ ಮಡಚತೊಡಗಿದೆ.

"ಆಚೆ ಬದಿ ಉಂಟಲ್ಲ," ಎಂದರು. ಕಿಟಕಿಯ ಬೆಳಕಿನಲ್ಲಿ ಶಾಯಿ ಈಚೆಗೆ ಕಾಣುತ್ತಿತ್ತು. ಅವರ ಕಣ್ಣಿಗೆ ಅದು ತಪ್ಪುತ್ತದೆಯೇ?

"ಅದು ವಿಳಾಸ, ಎಂತದೋ," ಎಂದೆ.

"ಅಷ್ಟು ಉದ್ದದ ವಿಳಾಸವಾ? ಓದು ಮಾರಾಯ."

ನನಗೆ ಬೇರೆ ದಾರಿ ಇತ್ತು. ಎರಡು ಸುಳ್ಳು ಸಾಲು ಹೇಳಿದ್ದರೆ ಮುಗಿಯುತ್ತಿತ್ತು, ಅವರಿಗೆ ಇಂಗ್ಲಿಷ್ ಬಾರದು. ಆದರೆ ಎದುರಿಗೆ ಕುಳಿತವರು ಮುಖ ತೊಳೆದು ಬಂದು ಕುಳಿತಿದ್ದರು. ಓದಿದೆ.

'ಒಂದು ಮಾತು ಕೇಳಬೇಕೆಂದು ಅಮ್ಮ ಹೇಳಿದ್ದಾಳೆ. ಐದು ವರ್ಷದ ಹಿಂದೆ ನಿಮ್ಮ ಅಂಗಡಿಯಿಂದ ಬಂದ ಪತ್ರವನ್ನು ಯಜಮಾನರು ಭಟ್ಟಿಯ ಪಕ್ಕದ ಗೋಡೆಗೆ ಅಂಟಿಸಿದರು. ಅದರಲ್ಲಿ ಸದ್ದಿನ ವಿಷಯ ಒಂದು ಸಾಲು. ಆಮೇಲೆ ಒಂದೆಲೆಯಂತೆ ಇನ್ನೊಂದಿಲ್ಲ, ಗೆರೆಗಳು ಸಮನಾಗಿಲ್ಲ, ಇದು ಶ್ರದ್ಧೆಯಿಲ್ಲದ ಕೈಯ ಕೆಲಸ ಎಂದು ಬರೆದಿತ್ತು. ಅಮ್ಮ ಹನ್ನೊಂದನೇ ವಯಸ್ಸಿನಿಂದ ಕುಂಚ ಹಿಡಿದವಳು. ಆ ಪತ್ರ ಬಂದ ಮೇಲೆ ಅವಳಿಗೆ ಚಿತ್ರ ಬರೆಯಲು ಕೊಡಲಿಲ್ಲ, ಅಂಚಿನ ಪಟ್ಟೆ ಎಳೆಯಲು ಮಾತ್ರ ಕೊಟ್ಟರು. ನಿಮ್ಮ ದೇಶಕ್ಕೆ ಅಚ್ಚಿನ ತಟ್ಟೆ ಕಳಿಸತೊಡಗಿದರು. ದಿನವೂ ಅವಳು ಆ ಕಾಗದದ ಪಕ್ಕದಲ್ಲೇ ಹಾದು ಕೆಲಸಕ್ಕೆ ಹೋಗುತ್ತಾಳೆ. ಒಡೆದವರ ಹೆಸರು ತಿಳಿಯಿತು. ಆ ವಾಕ್ಯ ಬರೆದವರು ಯಾರು?'

ಮೊಯಿದಿನಬ್ಬ ನನ್ನ ಕಡೆ ತಿರುಗಿದರು.

"ನಾನು ಹಾಗೆ ಹೇಳಿದೆನಾ ಕುಂಞಿ?"

"ಇಲ್ಲ."

"ಅಬೂ ನಾಸಿರ್ ಹೇಳಿದ್ದಾ?"

"ಇಲ್ಲ. ಅವರು ಸಹಿ ಹಾಕಿದ್ದು ಮಾತ್ರ."

"ಮತ್ತೆ?"

"ನಾನೇ ಸೇರಿಸಿದ್ದು."

"ನೀನು ಆ ತಟ್ಟೆ ನೋಡಿದ್ದೆಯಾ?"

"ಒಂದನ್ನೂ ಸರಿಯಾಗಿ ನೋಡಿರಲಿಲ್ಲ. ಪೆಟ್ಟಿಗೆಯ ಮೇಲಿನ ಎರಡು ಕಂಡಿದ್ದೆ. ಕಾಗದ ಸಣ್ಣದಾಯಿತು ಅಂತ ಕಂಡಿತು. ಅದಕ್ಕೆ ನಾಲ್ಕು ಸಾಲು ಸೇರಿಸಿದೆ."

ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಗೋಡೆಯ ಮೇಲಿದ್ದ ತಟ್ಟೆಗಳನ್ನು ಒಂದೊಂದಾಗಿ ನೋಡಿದರು, ಆ ಹೆಂಗಸಿನ ಎದುರು ನನ್ನನ್ನು ಹೇಗೆ ನಿಲ್ಲಿಸುವುದು ಎಂದು ಯೋಚಿಸುವವರ ಹಾಗೆ. ಆಮೇಲೆ ಇಷ್ಟೇ ಹೇಳಿದರು: "ಬರಿ. ಇವತ್ತೇ ಬರಿ. ನಾಳೆ ಅಂದರೆ ನಿನಗೆ ಆಗುದಿಲ್ಲ."

ಮೊದಲು ಇಬ್ಬರೂ ಅಬೂ ನಾಸಿರ್ ಹತ್ತಿರ ಹೋದೆವು. ವಿಷಯ ಕೇಳಿ ಅವರು ಜಪಮಣಿ ಕೆಳಗಿಟ್ಟರು. "ವಲ್ಲಾಹಿ, ಓದದೆ ಸಹಿ ಹಾಕಿದವನು ನಾನು," ಎಂದರು. ಆ ಪತ್ರ ತಪ್ಪು, ಚಿತ್ರದಲ್ಲಿ ಯಾವ ದೋಷವೂ ಇರಲಿಲ್ಲ, ದಯವಿಟ್ಟು ಗೋಡೆಯಿಂದ ಅದನ್ನು ತೆಗೆಯಿರಿ ಎಂದು ಕಾರ್ಖಾನೆಯ ಯಜಮಾನರಿಗೆ ಬರೆಸಿ, ಈ ಸಲ ಪ್ರತಿ ಸಾಲನ್ನೂ ಅರಬಿಯಲ್ಲಿ ನನ್ನಿಂದ ಹೇಳಿಸಿ, ಮೊಹರು ಒತ್ತಿದರು.

ಎಲ್ವಿರಾಳಿಗೆ ಬರೆಯಬೇಕಾದದ್ದು ಉಳಿಯಿತು. ಹಾಳೆ ಏರಿಸಿದೆ, ಟೈಪ್ ಮಾಡಿದೆ, ಹರಿದೆ. ಏನು ಬರೆದರೂ ಅದು ನನ್ನ ಅದೇ ಹಳೆಯ ಇಂಗ್ಲಿಷಿನಂತೆ ಕೇಳುತ್ತಿತ್ತು. ಐದಾರು ಹಾಳೆ ಬುಟ್ಟಿಗೆ ಹೋದ ಮೇಲೆ ಯಂತ್ರ ಬದಿಗಿಟ್ಟು ಪೆನ್ನಿನಲ್ಲಿ ಬರೆದೆ. ಆ ವಾಕ್ಯ ನನ್ನದು. ನಾನು ನಿಮ್ಮ ತಟ್ಟೆಗಳನ್ನು ನೋಡದೆ ಬರೆದೆ. ಶ್ರದ್ಧೆಯಿಲ್ಲದ ಕೈ ನನ್ನದಾಗಿತ್ತು. ನನ್ನನ್ನು ಮನ್ನಿಸಿ. ಹೆಸರು, ವಿಳಾಸ. ಅಷ್ಟೇ ಸಣ್ಣ ಕಾಗದ, ನಾನು ಬರೆದವುಗಳಲ್ಲೆಲ್ಲ ಸಣ್ಣದು.

ಬಸ್ಸು ಹೊರಡುವ ದಿನ ಬೆಳಿಗ್ಗೆ ಮೊಯಿದಿನಬ್ಬ ನಮ್ಮೆಲ್ಲರ ಕೈ ಹಿಡಿದು ಮಾಫಿ ಕೇಳಿದರು. ಕಮಾಲುದ್ದೀನ್ ನಂತರ ನನ್ನ ಸರದಿ. "ನಿನ್ನ ನಿದ್ದೆ ಬಹಳ ಕೆಡಿಸಿದ್ದೇನೆ ಕುಂಞಿ. ಬೇರೆ ಎಂತಾದರೂ ಇದ್ದರೆ ಅದನ್ನೂ ಸೇರಿಸಿ ಮಾಫ್ ಮಾಡು," ಎಂದರು. ಮಾಡಿದೆ ಎಂದು ಹೇಳಬೇಕು, ಅದು ಪದ್ಧತಿ. ನಾನು ಬರೀ ಕೈ ಒತ್ತಿದೆ. "ಅವಳ ಕಾಗದ ಬರ್ತದೆ ಮಾರಾಯ. ಅರಫಾದಲ್ಲಿ ದೇವರ ಹತ್ತಿರ ನಿನಗಾಗಿ ಕೇಳ್ತೇನೆ," ಎಂದು ಬಸ್ಸು ಹತ್ತಿದರು.

ಕಾರ್ಖಾನೆಯ ಯಜಮಾನರ ಉತ್ತರ ಎರಡು ತಿಂಗಳಲ್ಲಿ ಬಂತು. ಪತ್ರವನ್ನು ಗೋಡೆಯಿಂದ ತೆಗೆದಿದ್ದೇವೆ, ಎಲ್ವಿರಾ ಮೇಡಂ ವಯಸ್ಸಿನ ಕಾರಣ ಕೆಲಸ ಬಿಟ್ಟಿದ್ದಾರೆ ಎಂದು ಬರೆದಿದ್ದರು. ಎಲ್ವಿರಾಳ ಉತ್ತರ ಬರಲಿಲ್ಲ. ಮತ್ತೆ ಬರೆದೆ. ಮರುವರ್ಷವೂ ಬರೆದೆ. ಊರಿಗೆ ಮರಳಿದ ಮೇಲೆ ಉಳ್ಳಾಲದ ವಿಳಾಸ ಹಾಕಿಯೂ ಬರೆದೆ.

ಮೊಯಿದಿನ್ ಹಾಜಿ ೧೯೮೮ರಲ್ಲಿ ಊರಿಗೆ ಮರಳಿದರು. ಹತ್ತೊಂಬತ್ತು ತಟ್ಟೆಗಳನ್ನು ಕಂಬಳಿಗಳಲ್ಲಿ ಸುತ್ತಿ ಒಯ್ದರು, ದಾರಿಯಲ್ಲಿ ಒಂದೂ ಒಡೆಯಲಿಲ್ಲ. ಪಾಣೆಮಂಗಳೂರಿನ ಮನೆಯ ಚಾವಡಿಯಲ್ಲಿ ಅವನ್ನು ತೂಗುಹಾಕಿ, ಬಂದವರಿಗೆಲ್ಲ ಎಲೆ ತುದಿಯಿಂದ ಹೇಗೆ ಶುರುವಾಗುತ್ತದೆ ಎಂದು ತೋರಿಸುತ್ತಿದ್ದರಂತೆ. ತೀರಿಕೊಂಡು ಹದಿನೈದು ವರ್ಷವಾಯಿತು. ಕೊನೆಯ ಸಲ ನೋಡಲು ಹೋದಾಗ ಕೇಳಿದ್ದು ಒಂದೇ: "ಬಂತಾ?" ನಾನು ಮೊದಲಿನ ಹಾಗೆಯೇ ತಲೆ ಅಲ್ಲಾಡಿಸಿದೆ.

ನನಗೀಗ ಎಪ್ಪತ್ತು ದಾಟಿದೆ. ಮಕ್ಕಳು ಒಳ್ಳೆಯ ಕೆಲಸದಲ್ಲಿದ್ದಾರೆ, ಪ್ರತಿ ವರ್ಷ ಹಜ್‌ಗೆ ಕಳಿಸುತ್ತೇವೆ ಎಂದು ಹಟ ಹಿಡಿಯುತ್ತಾರೆ. ಮಸೀದಿಯ ಉಸ್ತಾದರನ್ನು ಕೇಳಿದರೆ ಇಂಥದ್ದಕ್ಕೂ ಒಂದು ದಾರಿ ಹೇಳಿಯಾರು, ಸಿಗದವರಿಗಾಗಿ ದಾನ ಮಾಡು, ದುವಾ ಮಾಡು ಎಂದಾರು. ನಾನು ಕೇಳಿಲ್ಲ. ಯಾಕೆ ಹೋಗಿಲ್ಲ ಎಂದವರಿಗೆಲ್ಲ ನನಗೆ ಮಂಡಿನೋವು, ಅಷ್ಟು ನಡೆಯಲಾಗುವುದಿಲ್ಲ ಎನ್ನುತ್ತೇನೆ. ನನ್ನ ಮಂಡಿಗೆ ಏನೂ ಆಗಿಲ್ಲ. ದಿನವೂ ಎರಡು ಮೈಲಿ ನಡೆದು ಅಂಚೆ ಕಚೇರಿಗೆ ಹೋಗಿ ಬರುತ್ತೇನೆ.